ದುಬಲಗುಂಡಿಯ ಪಡಸಾಲೆಯಲ್ಲಿ ಕೇಳಿದ ಒಂದು ಪ್ರಶ್ನೆ

ಸೋದರಿಯರೇ, ಪ್ರವಾಸ ಎಂದ ಕೂಡಲೇ ನಮ್ಮ ಕಣ್ಣ ಮುಂದೆ ಬರುವುದು ಜೋಗ, ಬೇಲೂರು, ಮೈಸೂರಿನ ಅರಮನೆ. ಇಲ್ಲವಾದರೆ ಧರ್ಮಸ್ಥಳ, ಶೃಂಗೇರಿ. ಬೀದರ ಜಿಲ್ಲೆಯ ಹುಮನಾಬಾದ ತಾಲ್ಲೂಕಿನ ದುಬಲಗುಂಡಿಗೆ ಹೋಗಿಬರೋಣ ಬನ್ನಿ ಎಂದರೆ “ಅಲ್ಲೇನಿದೆಯಮ್ಮಾ ನೋಡೋದಕ್ಕೆ?” ಎಂದು ನೀವು ಕೇಳುವುದು ಸಹಜ. ನಾಡಿನ ಭೂಪಟದ ನೆತ್ತಿಯಲ್ಲಿ, ಮಹಾರಾಷ್ಟ್ರ ಮತ್ತು ತೆಲಂಗಾಣಗಳ ಗಡಿಗೆ ಅಂಟಿಕೊಂಡಂತಿರುವ ಸೀಮೆಯ ಒಂದು ಹೋಬಳಿ ಊರು ಅದು. ಅರಮನೆ ಇಲ್ಲ, ಜಲಪಾತ ಇಲ್ಲ. ಆದರೂ ಒಮ್ಮೆ ಹೋಗಿ ಬನ್ನಿ ಎಂದೇ ನನ್ನ ಸಲಹೆ. ಅಲ್ಲಿನ ಒಂದು ಪಡಸಾಲೆಯಲ್ಲಿ ನಾನು ಕೇಳಿದ ಪ್ರಶ್ನೆಯೊಂದು, ಸುತ್ತಣ ಹತ್ತಾರು ಮೈಲಿಯ ಕಲ್ಲುಗಳಲ್ಲೂ ಹಳೆಯ ಗ್ರಂಥಗಳಲ್ಲೂ ನನಗೆ ಮತ್ತೆ ಮತ್ತೆ ಎದುರಾಯಿತು. ನಾವು ಮಧ್ಯಾಹ್ನ ಪಾತ್ರೆ ತೊಳೆದಿಟ್ಟು, ಸೆರಗಿನಲ್ಲಿ ಕೈ ಒರೆಸಿಕೊಂಡು ಓದಲು ಕೂರುತ್ತೇವಲ್ಲ, ಆ ಕಾದಂಬರಿಗಳಿಗೆ ಸಂಬಂಧಿಸಿದ ಪ್ರಶ್ನೆ ಅದು.

ಹೋಗುವ ದಾರಿ

ಮೊದಲು ದಾರಿಯ ಮಾತು. ಪುಣೆಯಿಂದ ಹೈದರಾಬಾದಿಗೆ ಹೋಗುವ 65ನೇ ರಾಷ್ಟ್ರೀಯ ಹೆದ್ದಾರಿ ಹುಮನಾಬಾದನ್ನು ಹಾದುಹೋಗುತ್ತದೆ. ಬೀದರ–ಕಲಬುರಗಿ ರೈಲು ಮಾರ್ಗ 2017ರ ಅಕ್ಟೋಬರಿನಲ್ಲಿ ಉದ್ಘಾಟನೆಯಾದ ಮೇಲೆ ರೈಲಿನಲ್ಲೂ ಹುಮನಾಬಾದಿಗೆ ಬರಬಹುದು. ಅಲ್ಲಿಂದ ಮುಂದಕ್ಕೆ ಕಲ್ಯಾಣ ಕರ್ನಾಟಕ ಸಾರಿಗೆಯ ಬಸ್ಸು. 2023ರ ಜೂನ್ 11ರಂದು ಶಕ್ತಿ ಯೋಜನೆ ಬಂದಾಗಿನಿಂದ ಸರ್ಕಾರಿ ಸಾಮಾನ್ಯ ಬಸ್ಸುಗಳಲ್ಲಿ ನಾಡಿನ ಹೆಂಗಸರಿಗೆ ಟಿಕೀಟಿನ ಖರ್ಚಿಲ್ಲ. ಗುರುತಿನ ಚೀಟಿಯೊಂದನ್ನು ಪರ್ಸಿನಲ್ಲಿ ಇಟ್ಟುಕೊಂಡರಾಯಿತು.

ಬಸ್ಸು ಹತ್ತಿದರೆ ಕಿವಿಗೆ ಹಬ್ಬ. ಒಂದು ಸೀಟಿನಲ್ಲಿ ಕನ್ನಡ, ಅದರ ಹಿಂದಿನ ಸೀಟಿನಲ್ಲಿ ಮರಾಠಿ, ಬಾಗಿಲ ಬಳಿ ಉರ್ದು, ಕೊನೆಯಲ್ಲಿ ಲಂಬಾಣಿ. ಬೀದರ ಜಿಲ್ಲೆ 1948ರ ಸೆಪ್ಟೆಂಬರಿನವರೆಗೆ ನಿಜಾಮರ ಹೈದರಾಬಾದು ಸಂಸ್ಥಾನದಲ್ಲಿತ್ತು. 1956ರ ನವೆಂಬರ್ 1ರಂದು ಕನ್ನಡ ನಾಡನ್ನು ಸೇರಿತು. ಕಚೇರಿಯಲ್ಲೂ ಶಾಲೆಯಲ್ಲೂ ಉರ್ದು ನಡೆದ ಕಾಲ ಅದು. ಹೀಗಾಗಿ ಇಲ್ಲಿನ ಅಜ್ಜಿಯಂದಿರಲ್ಲಿ ಕನ್ನಡವನ್ನು ಸೊಗಸಾಗಿ ಮಾತಾಡುವವರು ಮನೆಮನೆಗೂ ಸಿಗುತ್ತಾರೆ, ಕನ್ನಡ ಅಕ್ಷರ ಬಲ್ಲವರು ಕಡಿಮೆ. ಈ ಸಂಗತಿ ನೆನಪಿರಲಿ, ಮುಂದೆ ಬೇಕಾಗುತ್ತದೆ.

ದಾರಿಯುದ್ದಕ್ಕೂ ಹೊಲ. ಮಳೆಗಾಲದಲ್ಲಿ ಸೋಯಾ, ಉದ್ದು, ಹೆಸರು. ಚಳಿಗಾಲದಲ್ಲಿ ಎತ್ತರದ ತೊಗರಿ, ಬಿಳಿಜೋಳ. ಬಸ್ಸಿನಲ್ಲಿ ನನ್ನ ಪಕ್ಕ ಕೂತಿದ್ದ ಇಬ್ಬರು ಹೆಂಗಸರ ಮಾತನ್ನು ಕದ್ದು ಕೇಳಬೇಕಾಗಿ ಬರಲಿಲ್ಲ, ಅಷ್ಟು ದೊಡ್ಡ ದನಿ! ತೊಗರಿಗೆ ಬಿದ್ದ ಹುಳ, ಸ್ವಸಹಾಯ ಸಂಘದ ಕಂತು, ಮಗಳ ನರ್ಸಿಂಗ್ ಕೋರ್ಸು, ಯಾರಿಗೋ ಗರ್ಭಕೋಶ ತೆಗೆಸಿದ್ದು, ಯಾವ ಡಾಕ್ಟರು ಒಳ್ಳೆಯವರು ಎಂಬುದು. ಅರ್ಧ ಗಂಟೆಯ ಮಾತಿನಲ್ಲಿ ಗಂಡಂದಿರ ಹೆಸರು ಬಂದಿದ್ದು ಒಮ್ಮೆ, ಅದೂ ಟ್ರ್ಯಾಕ್ಟರ್ ಬಾಡಿಗೆಯ ಪ್ರಸ್ತಾಪದಲ್ಲಿ.

ಪಡಸಾಲೆಯ ಓದು

ದುಬಲಗುಂಡಿಯಲ್ಲಿ ನಾನು ಇಳಿದುಕೊಂಡಿದ್ದು ಪರಿಚಯದವರೊಬ್ಬರ ಮನೆಯಲ್ಲಿ. ಅತ್ತೆ, ಸೊಸೆ, ಶಾಲೆಗೆ ಹೋಗುವ ಮೊಮ್ಮಗಳು. ಗಂಡಸರು ಹೊಲಕ್ಕೋ ಹುಮನಾಬಾದಿಗೋ ಹೋದ ಮೇಲೆ ಮನೆ ಇವರದೇ. ಬಿಸಿ ಜೋಳದ ರೊಟ್ಟಿ, ಪುಂಡಿಪಲ್ಯ, ಶೇಂಗಾ ಹಿಂಡಿ, ಮೇಲೆ ಒಂದು ಲೋಟ ಮಜ್ಜಿಗೆ. ಉಂಡ ಮೇಲೆ ಸೊಸೆ ಪಡಸಾಲೆಯ ಕಂಬಕ್ಕೆ ಒರಗಿ ಒಂದು ಕಾದಂಬರಿ ತೆಗೆದರು. ಅತ್ತೆಗೆ ಓದು ಬಾರದು. ಸೊಸೆ ಓದುತ್ತಾರೆ, ಅತ್ತೆ ಶೇಂಗಾ ಸುಲಿಯುತ್ತಾ ಕೇಳುತ್ತಾರೆ. ದಿನಾ ಇದೇ ಪದ್ಧತಿಯಂತೆ. ಬಾಜೂ ಮನೆಯ ಇಬ್ಬರು ಬಂದು ಕೂತರು. ಒಬ್ಬರು ಓದಿದರೆ ನಾಲ್ವರು ಕೇಳುವ ಈ ಕ್ರಮ ನೋಡಿ ನನಗೆ ಎಷ್ಟು ಸಂತೋಷವಾಯಿತೆಂದರೆ, ಸ್ವಲ್ಪ ಹೊಟ್ಟೆಕಿಚ್ಚೂ ಆಯಿತು.

ಕಾದಂಬರಿಯ ಹೆಸರು ಬೇಡ. ನೀವೂ ಅಂಥವನ್ನು ಹತ್ತಾರು ಓದಿರುತ್ತೀರಿ. ಚೆಲುವೆಯಾದ ನಾಯಕಿ, ಸಿರಿವಂತ ನಾಯಕ, ಅವರ ನಡುವೆ ಹುಳಿ ಹಿಂಡುವ ಅತ್ತೆ, ಹೊಂಚು ಹಾಕುವ ಇನ್ನೊಬ್ಬಳು. ಅತ್ತೆಯ ಕುತಂತ್ರದ ಪುಟ ಬಂದಾಗ ಸೊಸೆಯ ದನಿ ಸಣ್ಣದಾಯಿತು, ನಾಲ್ಕು ಸಾಲು ಹಾರಿಸಿಯೇಬಿಟ್ಟರು. ಅತ್ತೆಗೆ ಅದು ತಿಳಿಯದೇ ಇರುತ್ತದೆಯೇ?

“ಯಾಕ ಬಿಟ್ಟಿ? ಓದು. ನಾ ಏನೂ ತಿಳ್ಕೊಳ್ಳಾಂಗಿಲ್ಲ.”

ಎಲ್ಲರೂ ನಕ್ಕರು. ಓದು ಮುಂದುವರಿಯಿತು. ಸ್ವಲ್ಪ ಹೊತ್ತಿನ ಮೇಲೆ ಅತ್ತೆ ಶೇಂಗಾ ಸುಲಿಯುವುದನ್ನು ನಿಲ್ಲಿಸಿ ಕೇಳಿದರು:

“ಅಲ್ಲ, ಆ ಹುಡುಗಿಗಿ ಒಬ್ಬಾಕಿ ಗೆಳತಿ ಭೀ ಇಲ್ಲೇನು? ಅಕ್ಕ-ತಂಗಿ ಇಲ್ಲ, ಬಾಜೂ ಮನಿಯಾಕಿ ಇಲ್ಲ. ಯಾರ ಮುಂದೂ ಒಂದು ಮಾತು ಹೇಳ್ಕೊಳ್ಳಾಂಗಿಲ್ಲ. ಇಡೀ ಊರಾಗ ಆಕಿ ಒಬ್ಬಾಕೀನೇ ಹೆಂಗಸಾ?”

ಯಾರೂ ಉತ್ತರ ಕೊಡಲಿಲ್ಲ. ಮುದುಕಿ ತಾವೇ ಮುಂದುವರಿಸಿದರು. “ನಾ ಈ ಮನಿಗಿ ಬಂದಾಗ ಹನ್ನೆರಡ ವರ್ಷದಾಕಿ. ಮೊದಲನೇ ಬಾಣಂತನದಾಗ ಮೂರು ದಿನ ಕಣ್ಣು ಬಿಟ್ಟಿದ್ದಿಲ್ಲ. ಬಾಜೂ ಮನಿ ಬೀಬಿ ರಾತ್ರಿ-ಹಗಲು ತಲಿ ಹತ್ರ ಕೂತಿದ್ದಳು. ಆಕಿ ಇರಲಿಲ್ಲಂದ್ರ ಈಗ ನಿಮ್ಮ ಮುಂದ ಶೇಂಗಾ ಸುಲಿಯಾಕಿ ಯಾರು? ಪುಸ್ತಕ ಬರಿಯೋರಿಗಿ ಇಂಥಾವೆಲ್ಲ ಗೊತ್ತಿಲ್ಲೇನು?”

ಸೋದರಿಯರೇ, ನಾನು ಎಷ್ಟೋ ವಿಮರ್ಶೆಯ ಲೇಖನಗಳನ್ನು ಓದಿದ್ದೇನೆ. ಕಾದಂಬರಿಯೊಂದನ್ನು ಅಕ್ಷರ ಬಾರದ ಈ ಹಿರಿಯರು ತೂಗಿದ ಹಾಗೆ ತೂಗಿದವರನ್ನು ಹೆಚ್ಚು ಕಂಡಿಲ್ಲ. ಆ ಪುಸ್ತಕದಲ್ಲಿ ಹೆಂಗಸರು ಇರಲಿಲ್ಲವೆಂದಲ್ಲ. ನಾಲ್ವರಿದ್ದರು. ಆದರೆ ಒಬ್ಬಳು ಇನ್ನೊಬ್ಬಳೊಡನೆ ಬಾಯಿ ತೆರೆದರೆ ಒಂದೋ ಜಗಳ, ಇಲ್ಲವೇ ‘ಅವರು’ ಎಷ್ಟು ಹೊತ್ತಿಗೆ ಬರುತ್ತಾರೆ ಎಂಬ ಮಾತು. ಓದುವ ಸೊಸೆಗೂ ಕೇಳುವ ಅತ್ತೆಗೂ ತಮ್ಮ ಬಾಳಿನ ಒಂದು ತುಣುಕಾದರೂ ಅಲ್ಲಿ ಸಿಗಲಿಲ್ಲ. ಪಕ್ಕದಲ್ಲಿ ಪಾಠ ಬರೆಯುತ್ತಾ ಎಲ್ಲವನ್ನೂ ಕೇಳಿಸಿಕೊಳ್ಳುತ್ತಿದ್ದ ಮೊಮ್ಮಗಳಿಗೆ ಸಿಕ್ಕಿದ್ದು ಒಂದೇ ಪಾಠ: ಹೆಣ್ಣಿಗೆ ಹೆಣ್ಣೇ ಶತ್ರು. ದಿನಾ ಮಧ್ಯಾಹ್ನ ಇಷ್ಟಿಷ್ಟೇ ಕಿವಿಗೆ ಬಿದ್ದರೆ ಆ ಮಗು ನಾಳೆ ತನ್ನ ಅತ್ತೆಯ ಮನೆಯ ಹೊಸ್ತಿಲನ್ನು ಯಾವ ಮನಸ್ಸಿನಿಂದ ದಾಟೀತು, ಯೋಚಿಸಿ.

ಬರೆಯುವ ಕಲ್ಲಿನ ಹೆಣ್ಣು

ಮರುದಿನ ಇದೇ ತಾಲ್ಲೂಕಿನ ಜಲಸಂಗವಿಗೆ ಹೋದೆವು. ಈ ಕಡೆ ಬಂದವರು ಇದನ್ನು ಖಂಡಿತ ತಪ್ಪಿಸಬಾರದು. ಕಲ್ಯಾಣದ ಚಾಲುಕ್ಯ ದೊರೆ ಆರನೆಯ ವಿಕ್ರಮಾದಿತ್ಯನ ಕಾಲದಲ್ಲಿ, ಸುಮಾರು 1110ರಲ್ಲಿ ಕಟ್ಟಿದ ಈಶ್ವರ ದೇವಾಲಯ ಇಲ್ಲಿದೆ. ಅದರ ಹೊರಗೋಡೆಯ ತುಂಬ ಶಿಲಾಬಾಲಿಕೆಯರು. ನಾವು ಶಿಲಾಬಾಲಿಕೆ ಎಂದರೆ ಬೇಲೂರೆಂದೇ ತಿಳಿದಿದ್ದೇವೆ. ಬೇಲೂರಿನ ಚೆನ್ನಕೇಶವನ ಗುಡಿ 1117ರದು. ಜಲಸಂಗವಿಯ ಈ ಅಕ್ಕಂದಿರು ಅದಕ್ಕಿಂತ ತುಸು ಹಿರಿಯರೇ!

ಅವರಲ್ಲಿ ಒಬ್ಬಳ ಮುಂದೆ ನಿಂತುಬಿಡಬೇಕು. ಆಕೆ ಕನ್ನಡಿ ಹಿಡಿದಿಲ್ಲ, ಕಾಲ ಮುಳ್ಳು ತೆಗೆಯುತ್ತಿಲ್ಲ. ಬರೆಯುತ್ತಿದ್ದಾಳೆ. ಸೊಂಟವನ್ನು ತುಸು ಬಳುಕಿಸಿ ನಿಂತು, ಕೈಯಲ್ಲಿ ಬರೆಯುವ ಸಾಧನ ಹಿಡಿದು, ಎದುರಿನ ಫಲಕದ ಮೇಲೆ ಅಕ್ಷರಗಳನ್ನು ಮೂಡಿಸುತ್ತಿದ್ದಾಳೆ. ಒಂಬೈನೂರು ವರ್ಷಗಳ ಹಿಂದೆ ಹೆಣ್ಣಿನ ಕೈಗೆ ಬರಹ ಕೊಟ್ಟ ಆ ಶಿಲ್ಪಿಗೆ ಕೈ ಮುಗಿಯಬೇಕೆನಿಸುತ್ತದೆ. ಅಕ್ಷರಗಳು ನಿಜವಾದ ಶಾಸನವೇ, ಸಂಸ್ಕೃತದಲ್ಲಿವೆ.

ಏನು ಬರೆದಿದ್ದಾಳೆ? ಏಳು ದ್ವೀಪಗಳ ಈ ಭೂಮಿಯನ್ನೆಲ್ಲ ಚಾಲುಕ್ಯ ವಿಕ್ರಮಾದಿತ್ಯನು ತನ್ನದಾಗಿಸಿಕೊಳ್ಳುತ್ತಾನೆ ಎಂಬ ಅರ್ಥದ ಪ್ರಶಂಸೆ. ಅಂದರೆ, ಬರೆಯುವವಳು ಹೆಣ್ಣು. ಬರಹದಲ್ಲಿ ಇರುವವನು ದೊರೆ. ಪಕ್ಕದ ಗೋಡೆಯಲ್ಲಿ ಅವಳಂಥವರೇ ಇಷ್ಟೊಂದು ಮಂದಿ ನಿಂತಿದ್ದಾರೆ, ಅವರಲ್ಲಿ ಒಬ್ಬಳ ಹೆಸರೂ ಆ ಸಾಲಿನಲ್ಲಿಲ್ಲ. ಪಡಸಾಲೆಯಲ್ಲಿ ಮುದುಕಿ ಕೇಳಿದ ಪ್ರಶ್ನೆ ನನಗೆ ಥಟ್ಟನೆ ನೆನಪಾಯಿತು. ಈಕೆಗೂ ಒಬ್ಬ ಗೆಳತಿ ಇರಲಿಲ್ಲವೇ? ಇದ್ದಳು, ಒಂದು ಮೊಳದ ಆಚೆಗೇ ನಿಂತಿದ್ದಳು. ಅವರಿಬ್ಬರ ಮಾತನ್ನು ಬರೆಸುವ ಯೋಚನೆ ಯಾರಿಗೂ ಬರಲಿಲ್ಲ, ಅಷ್ಟೇ.

ಕಲ್ಯಾಣದ ಅಕ್ಕಂದಿರು

ಹುಮನಾಬಾದಿನಿಂದ ಬಸವಕಲ್ಯಾಣ ಬಸ್ಸಿನಲ್ಲಿ ಸುಮಾರು ಒಂದು ಗಂಟೆಯ ದಾರಿ. ಕೋಟೆ, ವಸ್ತು ಸಂಗ್ರಹಾಲಯ, ಕೆರೆ, ಗವಿಗಳು, 108 ಅಡಿ ಎತ್ತರದ ಬಸವಣ್ಣನವರ ಮೂರ್ತಿ ಇವೆಲ್ಲ ನೋಡುವಂಥವೇ. ಹೊಸ ಅನುಭವ ಮಂಟಪಕ್ಕೆ 2021ರ ಜನವರಿಯಲ್ಲಿ ಅಡಿಗಲ್ಲು ಹಾಕಿದ ಸುದ್ದಿಯನ್ನು ನೀವು ಪತ್ರಿಕೆಗಳಲ್ಲಿ ಓದಿರಬಹುದು. ನಾನು ಹೇಳಬೇಕೆಂದಿರುವುದು ಮೂರು ಮಾತು.

ಮೊದಲನೆಯದು ಆಸ್ತಿಯ ಮಾತು. ಹಿಂದೂ ಆಸ್ತಿ ಹಕ್ಕಿನ ಚರ್ಚೆ ಬಂದಾಗಲೆಲ್ಲ ಕೇಳಿಬರುವ ‘ಮಿತಾಕ್ಷರ’ ಎಂಬ ಗ್ರಂಥ ಬರೆದ ವಿಜ್ಞಾನೇಶ್ವರ ಇದೇ ಕಲ್ಯಾಣದಲ್ಲಿ, ಅದೇ ವಿಕ್ರಮಾದಿತ್ಯನ ಆಶ್ರಯದಲ್ಲಿದ್ದವನು. ಸ್ತ್ರೀಧನವೆಂದರೆ ಮದುವೆಯಲ್ಲಿ ಕೊಟ್ಟ ಒಡವೆ ಮಾತ್ರವಲ್ಲ, ಹೆಣ್ಣಿಗೆ ಬೇರೆ ಬೇರೆ ದಾರಿಯಿಂದ ಬಂದ ಸ್ವತ್ತೂ ಸ್ತ್ರೀಧನವೇ ಎಂದು ಅದರ ಅರ್ಥವನ್ನು ಹಿಗ್ಗಿಸಿದ. ಆದರೆ ಅದೇ ಪದ್ಧತಿಯ ಅವಿಭಕ್ತ ಕುಟುಂಬದಲ್ಲಿ ಹುಟ್ಟಿನಿಂದ ಪಾಲು ಮಗನಿಗೆ ಮಾತ್ರ ಇತ್ತು. ಮಗಳಿಗೂ ಮಗನಷ್ಟೇ ಹಕ್ಕು ಎಂದು ದೇಶಕ್ಕೆಲ್ಲ ಅನ್ವಯಿಸುವ ತಿದ್ದುಪಡಿ ಬರಲು 2005 ಆಗಬೇಕಾಯಿತು.

ಎರಡನೆಯದು ಅಡುಗೆಮನೆಯ ಮಾತು. ವಿಕ್ರಮಾದಿತ್ಯನ ಮಗ ಮೂರನೆಯ ಸೋಮೇಶ್ವರ 1129ರಲ್ಲಿ ಬರೆಸಿದ ‘ಮಾನಸೋಲ್ಲಾಸ’ದಲ್ಲಿ ದೋಸೆ, ಮಂಡಿಗೆ, ಪೂರಿಯಂಥ ತಿನಿಸುಗಳ ವರ್ಣನೆ ಇದೆ. ಮಂಡಿಗೆಯ ಹಿಟ್ಟನ್ನು ಯಾರು ನಾದಿದರು, ನಾದುವಾಗ ಏನು ಮಾತಾಡಿಕೊಂಡರು ಎಂಬುದು ಮಾತ್ರ ಅರಸನ ಗ್ರಂಥಕ್ಕೆ ಬೇಕಾಗಲಿಲ್ಲ.

ಮೂರನೆಯದು ಸ್ವಲ್ಪ ಸಮಾಧಾನದ ಮಾತು. ಆಮೇಲೆ ಕೆಲವೇ ದಶಕಗಳಲ್ಲಿ ಇದೇ ಊರಿನ ಹೆಂಗಸರು ತಮ್ಮ ಹೆಸರಿನಲ್ಲೇ ಮಾತಾಡಿದರು. ಮೂವತ್ತಕ್ಕೂ ಹೆಚ್ಚು ಶರಣೆಯರ ವಚನಗಳು ನಮಗೆ ಉಳಿದಿವೆ. ಅಕ್ಕಮಹಾದೇವಿಯನ್ನು ಎಲ್ಲರೂ ಬಲ್ಲರು. ಅಕ್ಕಿ ಆಯುವ ಲಕ್ಕಮ್ಮ, ಕೊಟ್ಟಣ ಕುಟ್ಟುವ ಸೋಮವ್ವೆ, ಕದಿರು ಹಿಡಿದ ರೆಮ್ಮವ್ವೆ ಇವರೆಲ್ಲ ತಮ್ಮ ಕೆಲಸದಿಂದಲೇ ಹೆಸರಾದವರು. ಬಸವಣ್ಣನವರ ಅಕ್ಕ ನಾಗಮ್ಮನ ಹೆಸರಿನ ಗವಿ ಬಸವಕಲ್ಯಾಣದಲ್ಲಿದೆ; ತಂಪಾದ ಜಾಗ, ಸ್ವಲ್ಪ ಹೊತ್ತು ಕೂತು ಬನ್ನಿ.

ಈ ಊರಿನ ಇನ್ನೊಬ್ಬ ಹಿರಿಯರನ್ನು ಮರೆಯುವಂತಿಲ್ಲ. ಜಯದೇವಿತಾಯಿ ಲಿಗಾಡೆ (1912–1986) ಸೊಲ್ಲಾಪುರದವರು, ಶಾಲೆಯಲ್ಲಿ ಕಲಿತದ್ದು ಮರಾಠಿ. ಕನ್ನಡವನ್ನು ತಾವಾಗಿ ಕಲಿತು, ತ್ರಿಪದಿಯಲ್ಲಿ ಸಿದ್ಧರಾಮನ ಪುರಾಣ ಬರೆದರು. 1974ರಲ್ಲಿ ಮಂಡ್ಯದಲ್ಲಿ ನಡೆದ ಕನ್ನಡ ಸಾಹಿತ್ಯ ಸಮ್ಮೇಳನಕ್ಕೆ ಅಧ್ಯಕ್ಷರಾದರು, ಆ ಪೀಠದಲ್ಲಿ ಕೂತ ಮೊಟ್ಟಮೊದಲ ಮಹಿಳೆ. ಕೊನೆಗಾಲದಲ್ಲಿ ಬಸವಕಲ್ಯಾಣದಲ್ಲೇ ನೆಲೆಸಿದ್ದರು.

ಅದೇ ಪ್ರಶ್ನೆ, ದೂರದ ಊರುಗಳಲ್ಲಿ

ಮುದುಕಿಯ ಪ್ರಶ್ನೆ ಹಳ್ಳಿಯ ಒಬ್ಬ ಅಜ್ಜಿಯದು ಮಾತ್ರ ಎಂದುಕೊಳ್ಳಬೇಡಿ. ಇಂಗ್ಲೆಂಡಿನ ಲೇಖಕಿ ವರ್ಜೀನಿಯಾ ವುಲ್ಫ್ 1929ರಲ್ಲಿ ಪ್ರಕಟಿಸಿದ ಪುಸ್ತಕವೊಂದರಲ್ಲಿ ಇದನ್ನೇ ಕೇಳಿದ್ದಾಳೆ. ಆಕೆ ಒಂದು ಕಾದಂಬರಿಯನ್ನು ಊಹಿಸಿಕೊಳ್ಳುತ್ತಾಳೆ. ಅದರಲ್ಲಿ ಇಬ್ಬರು ಹೆಂಗಸರು ಒಂದೇ ಪ್ರಯೋಗಾಲಯದಲ್ಲಿ ಕೆಲಸ ಮಾಡುವ ಗೆಳತಿಯರು. ಇಷ್ಟು ಸಾಮಾನ್ಯ ಸಂಗತಿ ಪುಸ್ತಕಗಳಲ್ಲಿ ಇಷ್ಟು ಅಪರೂಪವೇಕೆ, ಹೆಣ್ಣನ್ನು ಯಾವಾಗಲೂ ಗಂಡಿನ ಸಂಬಂಧದಿಂದಲೇ ಏಕೆ ತೋರಿಸುತ್ತಾರೆ ಎಂಬುದು ಆಕೆಯ ಪ್ರಶ್ನೆ.

ಮುಂದೆ 1985ರಲ್ಲಿ ಅಮೆರಿಕದ ವ್ಯಂಗ್ಯಚಿತ್ರಗಾರ್ತಿ ಆಲಿಸನ್ ಬೆಕ್‌ಡೆಲ್ ಇದನ್ನು ಒಂದು ಪುಟದ ಚಿತ್ರಕಥೆಯಾಗಿ ಬರೆದಳು. ಗೆಳತಿಯರಿಬ್ಬರು ಸಿನಿಮಾಕ್ಕೆ ಹೊರಟಿರುತ್ತಾರೆ. ಒಬ್ಬಳು ತನ್ನದೊಂದು ನಿಯಮ ಹೇಳುತ್ತಾಳೆ: ಸಿನಿಮಾದಲ್ಲಿ ಕಡೇಪಕ್ಷ ಇಬ್ಬರು ಹೆಂಗಸರಿರಬೇಕು, ಅವರು ಒಬ್ಬರೊಡನೊಬ್ಬರು ಮಾತಾಡಬೇಕು, ಆ ಮಾತು ಗಂಡಸನ್ನು ಬಿಟ್ಟು ಬೇರೆ ಯಾವುದಾದರೂ ವಿಷಯವಾಗಿರಬೇಕು. ಇಷ್ಟೇ. ಅವಳು ಕೊನೆಯದಾಗಿ ನೋಡಿದ್ದು 1979ರ ‘ಏಲಿಯನ್’ ಅಂತೆ. ಅದರಲ್ಲಿ ಇಬ್ಬರು ಹೆಂಗಸರು ರಾಕ್ಷಸ ಜಂತುವಿನ ಬಗ್ಗೆ ಮಾತಾಡುತ್ತಾರೆ! ತಮಾಷೆಗೆ ಬರೆದದ್ದು ಈಗ ‘ಬೆಕ್‌ಡೆಲ್ ಪರೀಕ್ಷೆ’ ಎಂದು ಹೆಸರಾಗಿದೆ. ಇದು ತನ್ನ ಗೆಳತಿಯೊಬ್ಬಳ ಮಾತು ಎಂದು ಬೆಕ್‌ಡೆಲ್ ಅದೇ ಚಿತ್ರದಲ್ಲಿ ಋಣ ಸಲ್ಲಿಸಿದ್ದಾಳೆ. ನೋಡಿ, ಆ ನಿಯಮ ಹುಟ್ಟಿದ್ದೂ ಇಬ್ಬರು ಹೆಂಗಸರ ಮಾತಿನಲ್ಲೇ.

ಮಾತಿಗೆ ಕೂತವರ ಕೈಗೆ ಕೆಲಸವೂ ಇದ್ದರೆ ಮಾತು ಇನ್ನೂ ಹದವಾಗುತ್ತದೆ. ಹಿಂದೆ ಬೀಸುವ ಕಲ್ಲಿಗೆ ಇಬ್ಬರು ಎದುರುಬದುರು ಕೂರುತ್ತಿದ್ದರು. ಈಗ ಗಿರಣಿ ಬಂದಿದೆ, ಆದರೂ ಎಳ್ಳಮಾವಾಸ್ಯೆ ಬಂದರೆ ಈ ಸೀಮೆಯ ಹೆಂಗಸರು ಮತ್ತೆ ಒಟ್ಟುಗೂಡುತ್ತಾರೆ. ಅಂದು ಹೊಲದಲ್ಲಿ ಚರಗ ಚೆಲ್ಲಿ ಉಣ್ಣುವ ಊಟಕ್ಕೆ ‘ಭಜ್ಜಿ’ ಆಗಲೇಬೇಕು. ನಮ್ಮ ಕಡೆಯ ಎಣ್ಣೆಯಲ್ಲಿ ಕರಿದ ಬಜ್ಜಿ ಅಲ್ಲ ಇದು. ಹಸಿ ತೊಗರಿ, ಹಸಿ ಕಡಲೆ, ಅವರೆ, ಬಟಾಣಿ, ಶೇಂಗಾ ಕಾಳುಗಳನ್ನು ಬೇಯಿಸಿ, ಮೆಂತ್ಯ, ಪಾಲಕ, ಈರುಳ್ಳಿ ತಪ್ಪಲು ಮುಂತಾಗಿ ಸಿಕ್ಕ ಸೊಪ್ಪನ್ನೆಲ್ಲ ಹಾಕಿ, ಕಡಲೆಹಿಟ್ಟು ಕದಡಿ, ಹುಣಸೆಹುಳಿ ಹಿಂಡಿ, ಬೆಳ್ಳುಳ್ಳಿ ಒಗ್ಗರಣೆ ಕೊಟ್ಟ ಗಟ್ಟಿ ಪಲ್ಯ. ಸಜ್ಜೆ ರೊಟ್ಟಿಯ ಜೊತೆ ಅಮೃತ. ಇಷ್ಟೆಲ್ಲ ಕಾಯಿ ಸುಲಿಯುವುದಕ್ಕೆ ಒಬ್ಬಳ ಕೈ ಸಾಲದು. ಹಿಂದಿನ ಸಂಜೆ ನಾಲ್ಕು ಮನೆಯವರು ಒಂದೆಡೆ ಕೂತಾಗ ನಡೆಯುವ ಮಾತಿಗೆ ಯಾವ ಕಾದಂಬರಿಯೂ ಸಾಟಿಯಲ್ಲ. ಕಾದಂಬರಿಗೆ ಬರಬೇಕಾದದ್ದೂ ಅದೇ.

ಹಾಗಾದರೆ ಯಾವುದನ್ನು ಓದೋಣ?

ಹೊರಡುವ ಹಿಂದಿನ ದಿನ ಆ ಸೊಸೆ ಕೇಳಿದ್ದು ಇದನ್ನೇ. “ಅಕ್ಕೋರ, ನಮ್ಮ ಅತ್ತಿಗಿ ಹಿಡಿಸೋ ಅಂಥಾವು ನಾಕು ಪುಸ್ತಕ ಹೇಳ್ರಿ. ಹಾರಿಸದಂಗ ಓದೋ ಅಂಥಾವು.” ಅವರಿಗೆ ಬರೆದುಕೊಟ್ಟ ಚೀಟಿಯನ್ನೇ ನಿಮಗೂ ಹೇಳುತ್ತೇನೆ.

ಎಂ.ಕೆ. ಇಂದಿರಾ ಅವರ ‘ಫಣಿಯಮ್ಮ’ (1976) ಮೊದಲಿರಲಿ. ಬಾಲ್ಯದಲ್ಲೇ ವಿಧವೆಯಾಗಿ ತಲೆ ಬೋಳಿಸಿಕೊಂಡ ಫಣಿಯಮ್ಮ ಲೇಖಕಿಯ ಮನೆತನದ ಹಿರಿಯರೇ. ಫಣಿಯಮ್ಮ ತನ್ನ ಬಾಳನ್ನು ಹೇಳಿಕೊಂಡಿದ್ದು ಇಂದಿರಾ ಅವರ ತಾಯಿಗೆ. ತಾಯಿ ಹೇಳಿದ್ದು ಮಗಳಿಗೆ. ಮೂವರು ಹೆಂಗಸರ ಮಾತಿನಲ್ಲಿ ದಾಟಿಬಂದು ಪುಸ್ತಕವಾಯಿತು. ಕತೆಯ ಒಳಗೆ ದಾಕ್ಷಾಯಿಣಿ ಎಂಬ ಎಳೆಯ ವಿಧವೆ ಕೂದಲು ತೆಗೆಸಲಾರೆ ಎಂದು ಹಟ ಹಿಡಿದಾಗ, ತಾನು ಎಲ್ಲವನ್ನೂ ಸಹಿಸಿದ ಫಣಿಯಮ್ಮ ಆ ಹುಡುಗಿಯ ಪರ ನಿಲ್ಲುತ್ತಾಳೆ. ನನಗಾದದ್ದು ನಿನಗೂ ಆಗಲಿ ಎನ್ನುವುದಿಲ್ಲ. ಇದಕ್ಕಿಂತ ದೊಡ್ಡ ಗುಣ ಏನಿದೆ?

ಎರಡನೆಯದು ಗೀತಾ ನಾಗಭೂಷಣ (1942–2020) ಅವರ ‘ಬದುಕು’. ಇವರು ಕಲಬುರಗಿ ಜಿಲ್ಲೆಯ ಸಾವಳಗಿಯವರು. ಈ ಸೀಮೆಯ ಆಡುಮಾತಿನಲ್ಲೇ, ಈ ಸೀಮೆಯ ಬಡ ಕೇರಿಗಳ ಹೆಂಗಸರನ್ನು ಬರೆದರು. ‘ಬದುಕು’ 2004ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಪಡೆಯಿತು. ಕನ್ನಡದ ಲೇಖಕಿಯೊಬ್ಬರಿಗೆ ಆ ಪ್ರಶಸ್ತಿ ಬಂದದ್ದು ಅದೇ ಮೊದಲು. ಮೈಸೂರು ಕಡೆಯವರಿಗೆ ಭಾಷೆ ಮೊದಲ ಹತ್ತು ಪುಟ ತೊಡಕೆನಿಸೀತು, ಜೋರಾಗಿ ಓದಿ, ತಾನಾಗಿ ತಿಳಿಯುತ್ತದೆ. ದುಬಲಗುಂಡಿಯ ಪಡಸಾಲೆಯಲ್ಲಿ ಆ ತೊಡಕೂ ಇಲ್ಲ.

ವೈದೇಹಿಯವರ ಸಣ್ಣಕತೆಗಳು ಮಧ್ಯಾಹ್ನದ ಓದಿಗೆ ಹೇಳಿ ಮಾಡಿಸಿದಂತಿವೆ, ಒಂದು ಕೂತಕ್ಕೆ ಒಂದು ಕತೆ. ‘ಗುಲಾಬಿ ಟಾಕೀಸು’ ಕತೆಯಲ್ಲಿ ಕರಾವಳಿಯ ಪುಟ್ಟ ಊರಿಗೆ ಸಿನಿಮಾ ಮಂದಿರ ಬರುತ್ತದೆ. ಊರಿನ ಸೂಲಗಿತ್ತಿ ಹೆಂಗಸರ ಗೇಟಿನ ಕಾವಲಿಗೆ ನಿಲ್ಲುತ್ತಾಳೆ. ಹೊಸ್ತಿಲು ದಾಟದ ಹೆಂಗಸರೆಲ್ಲ ಹೊರಬಿದ್ದಾಗ ಊರಿನ ಮಾತೇ ಬದಲಾಗುವುದನ್ನು ಓದಿಯೇ ಸವಿಯಬೇಕು.

ಕಾಸರಗೋಡಿನಲ್ಲಿ ಹುಟ್ಟಿದ ಸಾರಾ ಅಬೂಬಕ್ಕರ್ (1936–2023) ಅವರ ‘ಚಂದ್ರಗಿರಿಯ ತೀರದಲ್ಲಿ’, ಅಪ್ಪನ ಹಟಕ್ಕೂ ತಲಾಖಿನ ಕಟ್ಟಳೆಗೂ ಸಿಕ್ಕ ನಾದಿರಾಳ ಕತೆ. ಹಾಸನದ ಬಾನು ಮುಷ್ತಾಕ್ ಅವರ ಕತೆಗಳ ಇಂಗ್ಲಿಷ್ ಸಂಕಲನ, ದೀಪಾ ಭಾಸ್ತಿ ಅನುವಾದಿಸಿದ ‘ಹಾರ್ಟ್ ಲ್ಯಾಂಪ್’, 2025ರಲ್ಲಿ ಅಂತರರಾಷ್ಟ್ರೀಯ ಬೂಕರ್ ಪ್ರಶಸ್ತಿ ಗೆದ್ದಾಗ ಪ್ರಪಂಚವೇ ಕನ್ನಡದತ್ತ ತಿರುಗಿ ನೋಡಿತು. ಅದಕ್ಕೆ ಹೆಸರು ಕೊಟ್ಟ ‘ಎದೆಯ ಹಣತೆ’ ಕತೆಯಲ್ಲಿ, ತವರೂ ಕೈಬಿಟ್ಟು ಜೀವ ಬೇಡವೆಂದು ಹೊರಟ ತಾಯಿಯನ್ನು ಹಿಡಿದು ನಿಲ್ಲಿಸುವವಳು ಅವಳ ಮಗಳೇ. ನಾವು ಓದಬೇಕಾದದ್ದು ಕನ್ನಡದಲ್ಲಿ, ಅದು ನಮ್ಮದೇ ಸೊತ್ತು.

ಗಂಡಸರು ಬರೆದದ್ದು ಬೇಡವೆಂದಲ್ಲ. ಶಿವರಾಮ ಕಾರಂತರ ‘ಮೂಕಜ್ಜಿಯ ಕನಸುಗಳು’ ಓದಿ. ಊರೆಲ್ಲ ಆಡಿಕೊಳ್ಳುವ ನಾಗಿಯಂಥವಳ ನೋವಿಗೆ ಮೂಕಜ್ಜಿ ಕಿವಿಗೊಡುವ ಬಗೆ ನೋಡಿ. ಬರೆದವರು ಯಾರು ಎಂಬುದಕ್ಕಿಂತ ಕೇಳಿಸಿಕೊಂಡು ಬರೆದಿದ್ದಾರೆಯೇ ಎಂಬುದು ಮುಖ್ಯ.

ಒಂದು ಎಚ್ಚರಿಕೆ. ಮೇಲಿನ ನಿಯಮವನ್ನು ಅಂಗಡಿಯ ತಕ್ಕಡಿಯ ಹಾಗೆ ಹಿಡಿಯಬೇಡಿ. ತ್ರಿವೇಣಿಯವರ ‘ಶರಪಂಜರ’ವನ್ನೇ ತೆಗೆದುಕೊಳ್ಳಿ. ಆಸ್ಪತ್ರೆಯಿಂದ ವಾಸಿಯಾಗಿ ಬಂದ ಕಾವೇರಿಯನ್ನು ಮನೆಯವರೇ ಅನುಮಾನದಿಂದ ನೋಡುತ್ತಾರೆ; ಮನಸ್ಸು ಬಿಚ್ಚಿ ಮಾತಾಡಲು ಆಕೆಗೆ ಯಾರೂ ದಕ್ಕುವುದಿಲ್ಲ. ಗೆಳತಿ ಇಲ್ಲವೆಂದು ಆ ಪುಸ್ತಕವನ್ನು ಕೆಳಗಿಡಲಾದೀತೇ? ಅಲ್ಲಿ ಆ ಇಲ್ಲದಿರುವಿಕೆಯೇ ಕತೆ. ತ್ರಿವೇಣಿ ಅದನ್ನು ಕಂಡು ನೋವಿನಿಂದ ಬರೆದಿದ್ದಾರೆ. ಕಾಣದೇ ಬಿಟ್ಟುಬಿಡುವ ಬರಹಗಾರರು ಬೇರೆ. ಹಾಗೆಯೇ ಇಬ್ಬರು ಹೆಂಗಸರು ಸೀರೆಯ ಬಣ್ಣದ ಮೇಲೆ ಎರಡು ಪುಟ ಮಾತಾಡಿದ ಮಾತ್ರಕ್ಕೆ ಪುಸ್ತಕ ದೊಡ್ಡದಾಗುವುದಿಲ್ಲ.

ಪುಸ್ತಕ ಕೈಗೆತ್ತಿಕೊಂಡಾಗ

ಹೊಸ ಕಾದಂಬರಿ ಆರಿಸುವಾಗ ಮಧ್ಯದ ಎರಡು ಮೂರು ಕಡೆ ಬಿಡಿಸಿ, ಇಷ್ಟನ್ನು ನಿಮ್ಮಷ್ಟಕ್ಕೆ ಕೇಳಿಕೊಳ್ಳಿ.

ನಾಯಕಿಯಲ್ಲದೆ ಇನ್ನೊಬ್ಬ ಹೆಣ್ಣಿಗೆ ಸ್ವಂತ ಹೆಸರು, ಸ್ವಂತ ಚಿಂತೆ ಇದೆಯೇ? ಅಥವಾ ಬರೀ ‘ಅತ್ತೆ’, ‘ನಾದಿನಿ’, ‘ಕೆಲಸದವಳು’ ಎಂದಷ್ಟೇ ಬಂದು ಹೋಗುತ್ತಾಳೆಯೇ?

ಅವರಿಬ್ಬರು ಕೂತು ಮಾತಾಡುತ್ತಾರೆಯೇ? ಆ ಮಾತು ದುಡ್ಡು, ಓದು, ಆರೋಗ್ಯ, ಭಯ, ದೇವರು, ಹೊಲ ಇಂಥವುಗಳ ಮೇಲೂ ಹೋಗುತ್ತದೆಯೇ?

ಆ ಮಾತಿನಿಂದ ಕತೆಯಲ್ಲಿ ಏನಾದರೂ ಬದಲಾಗುತ್ತದೆಯೇ? ದಾಕ್ಷಾಯಿಣಿಗೆ ಆದ ಹಾಗೆ?

ಕೆಟ್ಟ ಹೆಂಗಸು ಬಂದರೆ, ಅವಳೇಕೆ ಹಾಗಾದಳ��� ಎಂದು ಬರೆದವರಿಗೆ ಗೊತ್ತಿದೆಯೇ?

ಕೊನೆಯದು ದುಬಲಗುಂಡಿಯ ಪರೀಕ್ಷೆ: ನಿಮ್ಮ ಅತ್ತೆಯ ಮುಂದೆ ಅಥವಾ ಮಗಳ ಮುಂದೆ ಒಂದು ಸಾಲನ್ನೂ ಹಾರಿಸದೆ ಜೋರಾಗಿ ಓದಬಲ್ಲಿರಾ?

ಟಿ.ವಿ. ಧಾರಾವಾಹಿಗೂ ಇದೇ ಅಳತೆ ಸಾಕು. ಬೈದುಕೊಂಡು ನೋಡುವುದಕ್ಕಿಂತ ನೋಡಿ ಮಾತಾಡಿಕೊಳ್ಳುವುದು ಮೇಲು.

ಪುಸ್ತಕಕ್ಕೆ ದುಡ್ಡು ಎಲ್ಲಿಂದ ತರೋಣ ಎನ್ನಬೇಡಿ. ಗ್ರಾಮ ಪಂಚಾಯ್ತಿಗಳ ಗ್ರಂಥಾಲಯಗಳಿಗೆ ಈಗ ‘ಅರಿವು ಕೇಂದ್ರ’ ಎಂದು ಹೆಸರಿಟ್ಟಿದ್ದಾರೆ. ಅಲ್ಲಿಗೆ ಪೇಪರು ಓದುವ ಗಂಡಸರೂ ಪರೀಕ್ಷೆಗೆ ಓದುವ ಹುಡುಗರೂ ಮಾತ್ರ ಹೋಗಬೇಕೆಂಬ ಕಾನೂನಿಲ್ಲ. ಇಬ್ಬರು ಮೂವರು ಜೊತೆಯಾಗಿ ಹೋಗಿ, ಬೇಕಾದ ಪುಸ್ತಕದ ಹೆಸರು ಬರೆದುಕೊಟ್ಟು ತರಿಸಿರೆಂದು ಕೇಳಿ. ಒಬ್ಬಳೇ ಕೇಳಿದರೆ ಮರೆತಾರು, ನಾಲ್ವರು ಕೇಳಿದರೆ ಮರೆಯಲಾರರು. ಓದು ಬಾರದ ಹಿರಿಯರು ಮನೆಯಲ್ಲಿದ್ದರೆ ಅವರೇ ನಿಮ್ಮ ಮೊದಲ ವಿಮರ್ಶಕರು, ಬಿಡಬೇಡಿ.

ಹೊರಡುವವರಿಗೆ

ಬೀದರ ಸೀಮೆಗೆ ನವೆಂಬರಿನಿಂದ ಫೆಬ್ರುವರಿ ಹಿತವಾದ ಕಾಲ. ಬೇಸಿಗೆಯ ಬಿಸಿಲು ಕಡು ಕಠಿಣ. ಎಳ್ಳಮಾವಾಸ್ಯೆಯ ಹೊತ್ತಿಗೆ ಹೋದರೆ ಭಜ್ಜಿಯ ಭಾಗ್ಯವೂ ಸಿಕ್ಕೀತು. ಹುಮನಾಬಾದಿನಲ್ಲಿ ಜನವರಿಯ ವೀರಭದ್ರೇಶ್ವರ ಜಾತ್ರೆ ದೊಡ್ಡದು. ಪಕ್ಕದ ಮಾಣಿಕನಗರದಲ್ಲಿ ಮಾಣಿಕಪ್ರಭುಗಳ ಸಂಸ್ಥಾನವಿದೆ. ಬೀದರ ಕೋಟೆ ಹುಮನಾಬಾದಿನಿಂದ ಸುಮಾರು 50 ಕಿ.ಮೀ. ಎರಡು ದಿನ ಇಟ್ಟುಕೊಂಡರೆ ಜಲಸಂಗವಿ, ಬಸವಕಲ್ಯಾಣ ಎರಡನ್ನೂ ನೆಮ್ಮದಿಯಾಗಿ ನೋಡಬಹುದು. ನೀರಿನ ಬಾಟಲಿ, ತಲೆಗೆ ಹೊದೆಯಲೊಂದು ಬಟ್ಟೆ, ಗುರುತಿನ ಚೀಟಿ ಮರೆಯಬೇಡಿ.

ಒಬ್ಬರೇ ಹೋಗಬೇಡಿ. ಹೆದರಿಕೆಗಲ್ಲ, ದಾರಿಯಲ್ಲಿ ಮಾತಾಡಲು ಒಬ್ಬ ಗೆಳತಿ ಬೇಕು, ಅದಕ್ಕೆ. ಚೀಲದಲ್ಲಿ ಒಂದು ಒಳ್ಳೆಯ ಪುಸ್ತಕವಿರಲಿ. ಓದಿ ಮುಗಿದಿದ್ದರೆ ಯಾವುದಾದರೂ ಪಡಸಾಲೆಯಲ್ಲಿ ಬಿಟ್ಟು ಬನ್ನಿ. ಅಲ್ಲಿ ಓದುವವರು ಒಬ್ಬರೇ ಇದ್ದರೂ ಕೇಳುವವರು ನಾಲ್ವರಿರುತ್ತಾರೆ.